ಹಳೇ ಕಾರು, ಹೊಗೆ, ಎಮಿಷನ್ ಟೆಸ್ಟ್: ಬಳ್ಳಾರಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಗ್ಯಾರೇಜ್ ಇಟ್ಟುಕೊಂಡವನಿಗೆ ವರ್ಷವಿಡೀ ಇವೇ ಪ್ರಶ್ನೆಗಳು ಬರುತ್ತವೆ. ಸಿರುಗುಪ್ಪದಿಂದ ಬಂದವರು ಕೇಳುತ್ತಾರೆ, ಸಂಡೂರಿನಿಂದ ಬಂದವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಬಿಡಿಸಿ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಟ್ಟರೆ ಲೇಸು ಅನಿಸಿತು.

ಹಳೇ ಕಾರು ಅಂದ್ರೆ ಎಷ್ಟು ಹಳೇದು?

ಹೊಸ ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನೋ ಸರ್ಕಾರಿ ನಿಯಮಕ್ಕೆ ಭಾರತ್ ಸ್ಟೇಜ್, ಚುಟುಕಾಗಿ ಬಿಎಸ್, ಅನ್ನುತ್ತಾರೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂತು. ಅದಕ್ಕೂ ಮುಂಚಿನ ಗಾಡಿಗಳ ಬಗ್ಗೆ ಇಲ್ಲಿ ಹೇಳುತ್ತಿದ್ದೇನೆ. ಅವುಗಳಲ್ಲಿ ಮೂರು ಪೀಳಿಗೆ ಇವೆ. ಅಂಬಾಸಿಡರ್, ಪದ್ಮಿನಿ, ಹಳೇ ಮಾರುತಿ 800, ಓಮ್ನಿ ಇವೆಲ್ಲ ಕಾರ್ಬ್ಯುರೇಟರ್ ಕಾಲದವು. ಆಮೇಲೆ ಎಂಪಿಎಫ್‌ಐ ಇಂಜಿನ್ನಿನ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋ) ಬಿಎಸ್-2, ಬಿಎಸ್-3 ಗಾಡಿಗಳು ಬಂದವು: ಸ್ಯಾಂಟ್ರೊ, ಆಲ್ಟೊ, ವ್ಯಾಗನ್‌ಆರ್, ಮೊದಲ ಸ್ವಿಫ್ಟ್. ಕೊನೆಗೆ ಬಿಎಸ್-4. ನಿಮ್ಮದು ಯಾವುದು ಅನ್ನೋದರ ಮೇಲೆ ಟೆಸ್ಟಿನ ಮಿತಿಯೂ ರಿಪೇರಿಯೂ ಬದಲಾಗುತ್ತವೆ.

ನಮ್ಮ ಕಡೆ ಇಲ್ಲೊಂದು ತೊಡಕಿದೆ. ಬೆಂಗಳೂರಿಗೆ ಬಿಎಸ್-3 ಬಂದಿದ್ದು 2005ರಲ್ಲಿ, ಬಿಎಸ್-4 ಬಂದಿದ್ದು 2010ರಲ್ಲಿ. ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೆ ಬಿಎಸ್-3 ಕಡ್ಡಾಯವಾಗಿದ್ದು 2010ರಲ್ಲಿ, ಬಿಎಸ್-4 ಅದಕ್ಕೂ ಕೆಲವು ವರ್ಷ ತಡವಾಗಿ. ಹಾಗಾಗಿ 2012ರ ಒಂದು ಬಳ್ಳಾರಿಯ ಕೆಎ-34 ಕಾರನ್ನೂ ಅದೇ ವರ್ಷದ ಬೆಂಗಳೂರಿನ ಕೆಎ-03 ಕಾರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಹೊರಗಿನಿಂದ ಒಂದೇ ಥರ ಕಂಡರೂ ಹೊಗೆ ಲೆಕ್ಕದಲ್ಲಿ ಬೇರೆ ಬೇರೆ ಇರಬಹುದು. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಗಾಡಿ ತಂದವರು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಯಾವ ಬಿಎಸ್ ಅಂತ ನೋಡಿಕೊಳ್ಳಿ.

ಸೈಲೆನ್ಸರ್‌ನಿಂದ ಬರೋದು ಹೊಗೆ ಅಷ್ಟೇ ತಾನೆ? ಇಷ್ಟೆಲ್ಲ ಭಾಗ ಯಾಕೆ ಬೇಕು?

ಪೆಟ್ರೋಲ್ ಪೂರ್ತಿ ಉರಿದರೆ ಬರೋದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ. ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಸಿಕ್ಕರೆ ಲೆಕ್ಕ ಸರಿ. ಗಾಳಿ ಕಡಿಮೆ ಬಿದ್ದರೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ, ಟೆಸ್ಟ್ ಚೀಟಿಯಲ್ಲಿ ಅದನ್ನೇ ಸಿಒ ಅಂತ ಬರೆದಿರುತ್ತಾರೆ. ಉರಿಯದೆ ಹಾಗೇ ಹೊರಗೆ ಬೀಳುವ ಪೆಟ್ರೋಲು ಹೈಡ್ರೋಕಾರ್ಬನ್, ಅಂದರೆ ಎಚ್‌ಸಿ. ಇಂಜಿನ್ ಒಳಗೆ ಕಾವು ವಿಪರೀತ ಏರಿದರೆ ನೈಟ್ರೋಜನ್ ಆಕ್ಸೈಡ್‌ಗಳು ಹುಟ್ಟುತ್ತವೆ.

ಒಂದೊಂದಕ್ಕೂ ಒಂದೊಂದು ಕಾವಲು. ಇಂಜಿನ್ ಹೊಟ್ಟೆಯೊಳಗಿನ ಆವಿಯನ್ನು ಹೊರಗೆ ಬಿಡದೆ ಮತ್ತೆ ಉರಿಯೋಕೆ ಕಳಿಸೋದು ಪಿಸಿವಿ ವಾಲ್ವ್. ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿದಿಡೋದು ಇದ್ದಿಲು ತುಂಬಿದ ಕ್ಯಾನಿಸ್ಟರ್. ಸುಟ್ಟ ಗಾಳಿಯಲ್ಲಿ ಸ್ವಲ್ಪ ವಾಪಸ್ ಇಂಜಿನ್ನಿಗೆ ಬಿಟ್ಟು ಒಳಗಿನ ಕಾವು ಇಳಿಸೋದು ಇಜಿಆರ್. ಗಾಳಿ-ಪೆಟ್ರೋಲ್ ಲೆಕ್ಕವನ್ನು ಇಂಜಿನ್ ಕಂಪ್ಯೂಟರಾದ ಇಸಿಯುಗೆ ವರದಿ ಮಾಡೋದು ಆಕ್ಸಿಜನ್ ಸೆನ್ಸರ್. ಇವೆಲ್ಲ ದಾಟಿ ಉಳಿದ ಕೊಳೆ ತೊಳೆಯೋದು ಕ್ಯಾಟಲಿಟಿಕ್ ಕನ್ವರ್ಟರ್, ಗ್ಯಾರೇಜ್ ಬಾಯಲ್ಲಿ ಕ್ಯಾಟ್.

ಕ್ಯಾಟ್ ಕೊನೆಯಲ್ಲಿ ಕೂತಿದೆ. ಮುಂದಿನವರು ಮಾಡಿದ ತಪ್ಪೆಲ್ಲ ಅದರ ತಲೆಗೇ ಬೀಳುತ್ತದೆ. ಕೆಟ್ಟ ಕ್ಯಾಟ್ ಕಂಡರೆ ಮೊದಲು ಅದರ ಮುಂದಿನದನ್ನು ಪರೀಕ್ಷೆ ಮಾಡಿ. ಕೆಳಗಿನ ಅರ್ಧ ಉತ್ತರಗಳು ಇದೇ ಮಾತಿಗೆ ಬಂದು ನಿಲ್ಲುತ್ತವೆ.

ನಮ್ಮದು ಕಾರ್ಬ್ಯುರೇಟರ್ ಮಾರುತಿ. ಅದರಾಗ ಇವೆಲ್ಲ ಇರ್ತಾವೇನ್ರಿ?

ಬಹುತೇಕ ಇರಲ್ಲ. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಮಾರಿದ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟ್ ಕಡ್ಡಾಯ ಮಾಡಿದಾಗ ನಮ್ಮ ಕಡೆ ಸೀಸವಿಲ್ಲದ ಪೆಟ್ರೋಲು ಸಿಗೋದೇ ಕಷ್ಟವಿತ್ತು. ಸೀಸ ಕ್ಯಾಟ್‌ಗೆ ವಿಷ. ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿದ್ದು 2000ದ ಫೆಬ್ರವರಿಯಲ್ಲಿ.

ಇಂಥ ಗಾಡಿಯಲ್ಲಿ ಟ್ಯೂನಿಂಗೇ ಎಮಿಷನ್ ಕಂಟ್ರೋಲ್. ಏರ್ ಫಿಲ್ಟರ್, ಪ್ಲಗ್, ಪಾಯಿಂಟ್ ಗ್ಯಾಪ್, ಟೈಮಿಂಗ್ ಸರಿ ಮಾಡಿ, ಕಡೆಗೆ ಮಿಕ್ಸ್ಚರ್ ಸ್ಕ್ರೂ ಮುಟ್ಟಬೇಕು. ನಮ್ಮಲ್ಲಿ ಉಲ್ಟಾ ನಡೆಯುತ್ತೆ, ಬಂದ ತಕ್ಷಣ ಕೈ ಸ್ಕ್ರೂಗೇ ಹೋಗುತ್ತದೆ. ಚೋಕ್ ಕೇಬಲ್ ಬಿಗಿ ಹಿಡಿದು ಅರ್ಧ ಎಳೆದಂತೇ ಉಳಿದ ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಓನರ್ ಮೈಲೇಜ್ ಇಲ್ಲ ಅಂತ ಇಂಜಿನ್ ಬೋರ್ ಮಾಡಿಸೋ ಮಾತಾಡುತ್ತಿರುತ್ತಾರೆ, ಆಗಬೇಕಾದ್ದು ಕೇಬಲ್‌ಗೆ ಎರಡು ಹನಿ ಎಣ್ಣೆ.

ಟೆಸ್ಟ್ ಚೀಟಿ ಮೇಲಿನ ನಂಬರ್ ಓದೋದು ಹೇಗೆ?

ಈ ಚೀಟಿಯನ್ನು ಮಡಚಿ ಸನ್ ವೈಸರ್‌ಗೆ ಸಿಕ್ಕಿಸೋ ಮೊದಲು ಒಂದು ನಿಮಿಷ ನೋಡಿ. ಇಂಜಿನ್ ಬಿಚ್ಚದೆ ಅದರ ಒಳಗಿನ ಸುದ್ದಿ ತಿಳಿಯೋಕೆ ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ.

ಮೊದಲು ಮಿತಿ. ಬಿಎಸ್-2ಕ್ಕಿಂತ ಹಳೇ ಪೆಟ್ರೋಲ್ ಕಾರಿಗೆ ಸಿಒ 3 ಪರ್ಸೆಂಟ್, ಎಚ್‌ಸಿ 1500 ಪಿಪಿಎಂ ದಾಟಬಾರದು. ಬಿಎಸ್-2, ಬಿಎಸ್-3ಕ್ಕೆ 0.5 ಪರ್ಸೆಂಟ್ ಮತ್ತು 750. ಬಿಎಸ್-4ಕ್ಕೆ 0.3 ಪರ್ಸೆಂಟ್ ಮತ್ತು 200. ಜೊತೆಗೆ ಬಿಎಸ್-4 ಗಾಡಿಯನ್ನು 2500 ಆರ್‌ಪಿಎಂ ಆಸುಪಾಸಿನಲ್ಲಿ ರೇಸ್ ಹಿಡಿದು ಇನ್ನೊಮ್ಮೆ ನೋಡುತ್ತಾರೆ, ಆಗ ಸಿಒ 0.2ರ ಒಳಗೆ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಲೆಕ್ಕದ ಅಂಕಿ, 1 ಅಂದರೆ ಲೆಕ್ಕ ಸರಿ) 0.97ರಿಂದ 1.03ರ ನಡುವೆ ಇರಬೇಕು.

ಈಗ ಓದು. ಸಿಒ ಹೆಚ್ಚಿದ್ದು ಎಚ್‌ಸಿ ಪರವಾಗಿಲ್ಲ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ: ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು, ಆಕ್ಸಿಜನ್ ಸೆನ್ಸರ್ ಸತ್ತಿರಬಹುದು. ಇಂಜಿನ್ ಬಿಸಿ ಏರಿದ್ದನ್ನು ಹೇಳೋ ಕೂಲೆಂಟ್ ಸೆನ್ಸರ್ ಕೆಟ್ಟು, ಇಸಿಯು ಇನ್ನೂ ಇಂಜಿನ್ ತಣ್ಣಗಿದೆ ಅಂತಲೇ ಪೆಟ್ರೋಲ್ ಸುರಿಯುತ್ತಿರಬಹುದು. ಥರ್ಮೋಸ್ಟಾಟ್ ಕಿತ್ತು ಬಿಸಾಕಿದ ಗಾಡಿಗೂ ಇದೇ ಗತಿ. ಬಳ್ಳಾರಿ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ ಅನ್ನೋ ಸಲಹೆ ನಮ್ಮೂರಲ್ಲಿ ಪುಕ್ಕಟೆ ಸಿಗುತ್ತೆ, ತಗೋಬೇಡಿ.

ಸಿಒ ಕಡಿಮೆ, ಎಚ್‌ಸಿ ಮಾತ್ರ ಆಕಾಶದಲ್ಲಿದೆ ಅಂದರೆ ಪೆಟ್ರೋಲ್ ಉರಿಯುತ್ತಲೇ ಇಲ್ಲ. ಪ್ಲಗ್, ಪ್ಲಗ್ ವೈರ್, ಕಾಯಿಲ್ ನೋಡಿ. ವ್ಯಾಕ್ಯೂಮ್ ಪೈಪ್ ಹರಿದು ಗಾಳಿ ಎಳೆಯುತ್ತಿದ್ದರೂ ಹೀಗೇ ಬರುತ್ತೆ. ಎರಡೂ ಹೆಚ್ಚಿದ್ದರೆ ಪೆಟ್ರೋಲ್ ಜಾಸ್ತಿ, ಮಿಸ್ಸಿಂಗೂ (ನಡುನಡುವೆ ಉರಿ ತಪ್ಪೋದು) ಇದೆ, ಕ್ಯಾಟ್ ಕೈಚೆಲ್ಲಿದೆ.

ಮೆಷಿನ್ ಕಾರ್ಬನ್ ಡೈಆಕ್ಸೈಡ್ ಮತ್ತು ಆಕ್ಸಿಜನ್ ಅಂಕಿಯನ್ನೂ ಕೊಟ್ಟರೆ ಅದನ್ನು ಬಿಡಬೇಡಿ. ಚೆನ್ನಾಗಿ ಉರಿಯೋ ಪೆಟ್ರೋಲ್ ಇಂಜಿನ್ನಿನಲ್ಲಿ ಡೈಆಕ್ಸೈಡ್ 13ರಿಂದ 15 ಪರ್ಸೆಂಟ್ ಇರುತ್ತದೆ. ಅದು 9ಕ್ಕೋ 10ಕ್ಕೋ ಇಳಿದು ಆಕ್ಸಿಜನ್ ಏರಿದ್ದರೆ ಸೈಲೆನ್ಸರ್ ತೂತಾಗಿ ಹೊರಗಿನ ಗಾಳಿ ಬೆರೆಯುತ್ತಿದೆ, ಇಲ್ಲವೇ ಪ್ರೋಬನ್ನು ತುದಿಗಷ್ಟೇ ಇಟ್ಟಿದ್ದಾರೆ. ಅಂಥ ಚೀಟಿಯಲ್ಲಿ ಪಾಸ್ ಅಂತ ಬಂದಿದ್ದರೂ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲ್ಲ.

ಬೆಳಿಗ್ಗೆ ಫೇಲ್ ಆದ ಗಾಡಿ ಸಂಜೆ ಪಾಸ್ ಆಯ್ತು, ಮೆಷಿನ್ ಸುಳ್ಳು ಹೇಳ್ತೈತಾ?

ಮೆಷಿನ್ ಸುಳ್ಳು ಹೇಳಿಲ್ಲ, ಬೆಳಿಗ್ಗೆ ಕ್ಯಾಟ್ ತಣ್ಣಗಿತ್ತು. 250-300 ಡಿಗ್ರಿ ಕಾವು ಏರೋವರೆಗೆ ಅದು ಕೆಲಸವನ್ನೇ ಶುರು ಮಾಡಲ್ಲ. ಮನೆಯಿಂದ ಎರಡು ಕಿಲೋಮೀಟರ್ ದೂರದ ಬಂಕ್‌ಗೆ ಬಂದು, ಸಾಲಿನಲ್ಲಿ ಇಂಜಿನ್ ಆಫ್ ಮಾಡಿ ನಿಂತು, ಸರದಿ ಬಂದಾಗ ಸ್ಟಾರ್ಟ್ ಮಾಡಿದರೆ ಒಳ್ಳೇ ಗಾಡಿಯೂ ಫೇಲ್ ಆಗಬಹುದು. ಹೊಸಪೇಟೆ ರಸ್ತೆಯಲ್ಲೋ ಸಿರುಗುಪ್ಪ ರಸ್ತೆಯಲ್ಲೋ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ ನೇರ ಟೆಸ್ಟಿಗೆ ಹೋಗಿ. ಕಾಯಬೇಕಾಗಿ ಬಂದರೆ ಸರದಿಗೆ ಮುಂಚೆ ಒಂದೆರಡು ನಿಮಿಷ 2500 ಆರ್‌ಪಿಎಂನಲ್ಲಿ ರೇಸ್ ಹಿಡಿಯಿರಿ. ಎಸಿ ಆಫ್ ಇರಲಿ.

ಇದು ಮೋಸವಲ್ಲ, ಟೆಸ್ಟ್ ಮಾಡಬೇಕಾದ್ದೇ ಬಿಸಿ ಇಂಜಿನ್ನಿನಲ್ಲಿ.

ಗಾಡಿ ಒಯ್ಯದೇ ಸರ್ಟಿಫಿಕೇಟ್ ಮಾಡಿಕೊಡ್ತಾರಂತಲ್ಲ?

ಮಾಡಿಕೊಡೋರು ಇರಬಹುದು. ದುಡ್ಡು ಕೊಟ್ಟೂ ಇಂಜಿನ್ ಸುದ್ದಿ ತಿಳಿಯಲಿಲ್ಲ, ಅಷ್ಟೇ ಲಾಭ.

ಚೆಕ್ ಇಂಜಿನ್ ಲೈಟ್ ಹತ್ತಿದೆ, ಗಾಡಿ ಚೆನ್ನಾಗೇ ಓಡ್ತಿದೆ. ಬಿಡಬಹುದಾ?

ಹತ್ತಿ ಹಾಗೇ ಉರಿಯುತ್ತಿದ್ದರೆ ಒಂದೆರಡು ದಿನದಲ್ಲಿ ಸ್ಕ್ಯಾನ್ ಮಾಡಿಸಿ. ಪಿಳಿಪಿಳಿ ಮಿನುಗುತ್ತಿದ್ದರೆ ಓಡಿಸಬೇಡಿ. ಮಿನುಗೋದು ಅಂದರೆ ಸಾಮಾನ್ಯವಾಗಿ ಜೋರು ಮಿಸ್ಸಿಂಗ್, ಹಸಿ ಪೆಟ್ರೋಲು ಕ್ಯಾಟ್ ಒಳಗೆ ಹೋಗಿ ಅಲ್ಲೇ ಉರಿಯುತ್ತಿದೆ ಅಂತ.

ಬಿಎಸ್-4 ಗಾಡಿಗಳಲ್ಲಿ ಸ್ಕ್ಯಾನರ್ ಚುಚ್ಚೋ ಒಬಿಡಿ ಸಾಕೆಟ್ ಡ್ಯಾಶ್‌ಬೋರ್ಡ್ ಕೆಳಗೆ ಸ್ಟೀರಿಂಗ್ ಆಸುಪಾಸಿನಲ್ಲಿ ಇರುತ್ತದೆ. 2013ರ ನಂತರದ ಬಿಎಸ್-4 ಗಾಡಿಗಳಲ್ಲಿ ಒಬಿಡಿ-2 ಇರೋದರಿಂದ ಅಗ್ಗದ ಬ್ಲೂಟೂತ್ ರೀಡರ್ ಮತ್ತು ಫೋನೇ ಸಾಕು. ಅದರಲ್ಲಿ ಪಿ0300 ಅನ್ನೋ ಕೋಡ್ ಬಂದರೆ ಮಿಸ್ಸಿಂಗ್. ಪಿ0171 ಅಂದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ. ಪಿ0401 ಇಜಿಆರ್ ಹರಿವು ಕಮ್ಮಿ ಅನ್ನುತ್ತದೆ. ಪಿ0420 ಕ್ಯಾಟ್ ಕೆಲಸ ಸಾಲದು ಅನ್ನುತ್ತದೆ.

ಈ ಪಿ0420 ಹೆಸರಿನಲ್ಲಿ ಜನ ಬಹಳ ದುಡ್ಡು ಕಳಕೊಂಡಿದ್ದಾರೆ. ಕ್ಯಾಟ್‌ನ ಹಿಂದಿನ ಆಕ್ಸಿಜನ್ ಸೆನ್ಸರ್ ಕೊಡೋ ವರದಿ ಅದು, ತೀರ್ಪಲ್ಲ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ ಆ ಕೋಡ್ ಬರಬಹುದು, ಸೆನ್ಸರೇ ಕೆಟ್ಟಿದ್ದರೂ ಬರಬಹುದು. ಜೊತೆಗೆ ಪಿ0300 ಇದ್ದರೆ ಮೊದಲು ಅದನ್ನು ಸರಿಮಾಡಿ, ಕೋಡ್ ಅಳಿಸಿ, ಒಂದು ವಾರ ಓಡಿಸಿ ಮತ್ತೆ ನೋಡಿ. ಕೋಡ್ ಅಳಿಸಿಕೊಟ್ಟು ಲೈಟ್ ಹೋಯ್ತು ಅಂತ ದುಡ್ಡು ಇಸ್ಕೊಳ್ಳೋದು ರಿಪೇರಿಯಲ್ಲ.

ಆಕ್ಸಿಜನ್ ಸೆನ್ಸರ್ ಯಾವಾಗ ಬದಲಿಸಬೇಕು?

ಲಕ್ಷ ಕಿಲೋಮೀಟರ್ ದಾಟಿದ ಗಾಡಿಯಲ್ಲಿ ಅನುಮಾನ ಇಟ್ಟುಕೊಳ್ಳಿ. ಕ್ಯಾಟ್‌ಗಿಂತ ಮುಂದೆ ಇರೋ ಸೆನ್ಸರ್ ಬಿಸಿ ಇಂಜಿನ್ನಿನಲ್ಲಿ 0.1 ಮತ್ತು 0.9 ವೋಲ್ಟ್ ನಡುವೆ ಚಕಚಕ ಏರಿಳಿಯಬೇಕು. ನಿಧಾನ ಆಡಿದರೆ ಮುದಿಯಾಗಿದೆ. ನಡುವೆ ಎಲ್ಲೋ ನಿಂತುಬಿಟ್ಟಿದ್ದರೆ ಸತ್ತಿದೆ. ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಹಾಕೋದು ವ್ಯರ್ಥ. ಗ್ಯಾಸ್ಕೆಟ್‌ಗೆ ಮೆತ್ತೋ ಸಾಮಾನ್ಯ ಸಿಲಿಕೋನ್ ಸೀಲಂಟ್‌ನ ಆವಿ ಈ ಸೆನ್ಸರ್‌ಗೂ ಕ್ಯಾಟ್‌ಗೂ ಆಗಿಬರಲ್ಲ, ಸೆನ್ಸರ್‌ಗೆ ಸುರಕ್ಷಿತ ಅಂತ ಬರೆದಿರೋ ಟ್ಯೂಬನ್ನೇ ತರಿಸಿ.

ಕ್ಯಾಟ್ ತೆಗೆಸಿದ್ರೆ ಮೈಲೇಜ್, ಪಿಕಪ್ ಜಾಸ್ತಿ ಆಗುತ್ತಂತೆ. ಹೌದೇನ್ರಿ?

ಕಟ್ಟಿಹೋದ ಕ್ಯಾಟ್ ತೆಗೆದರೆ ಪಿಕಪ್ ಬರೋದು ನಿಜ. ಈ ಸುದ್ದಿ ಹಬ್ಬಿದ್ದೇ ಅಲ್ಲಿಂದ. ಸರಿಯಾಗಿರೋ ಕ್ಯಾಟ್ ತೆಗೆದರೆ ಶಬ್ದ ಜಾಸ್ತಿ, ಕಣ್ಣು ಉರಿ ಜಾಸ್ತಿ, ಬೇರೇನೂ ಸಿಗಲ್ಲ.

ಕ್ಯಾಟ್ ಒಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ ಇರುತ್ತದೆ. ಅದರ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ತೆಳುವಾಗಿ ಹಚ್ಚಿರುತ್ತಾರೆ. ಮೂರೂ ದುಬಾರಿ ಲೋಹಗಳು. ಹಳೇ ಕ್ಯಾಟ್ ವೇಸ್ಟ್ ಅಣ್ಣಾ, ನಾನೇ ಎಸೀತೀನಿ ಅಂತ ಯಾರಾದರೂ ಹೇಳಿದರೆ ಡಿಕ್ಕಿಯಲ್ಲಿ ಹಾಕಿಸಿಕೊಂಡು ಬನ್ನಿ. ಸ್ಕ್ರಾಪ್ ಮಾರ್ಕೆಟ್‌ನಲ್ಲಿ ಅದಕ್ಕೆ ಒಳ್ಳೇ ಬೆಲೆ ಇದೆ. ಒಮ್ಮೆ ಸಂಡೂರು ಕಡೆಯ ಒಂದು ಕಾರು ಲಿಫ್ಟ್ ಮೇಲೇರಿತ್ತು, ಕ್ಯಾಟ್ ಜಾಗದಲ್ಲಿ ಡಬ್ಬಿ ಇತ್ತು. ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಖಾಲಿ ಕೊಡದ ಸದ್ದು. ಡಬ್ಬಿ ಮೇಲ್ಗಡೆ, ಯಾರೂ ಬಗ್ಗಿ ನೋಡದ ಮಗ್ಗುಲಲ್ಲಿ ಕತ್ತರಿಸಿ, ಒಳಗಿನ ಇಟ್ಟಿಗೆ ಒಡೆದು ತೆಗೆದು, ಮತ್ತೆ ವೆಲ್ಡಿಂಗ್ ಮಾಡಿ ಕಪ್ಪು ಪೇಂಟ್ ಬಳಿದಿದ್ದರು. ಯಾವುದೋ ಊರಿನ ಯಾವುದೋ ಗ್ಯಾರೇಜಿನಲ್ಲಿ ಸೈಲೆನ್ಸರ್ ರಿಪೇರಿ ಅಂತ ಬಿಟ್ಟಿದ್ದೆ ಅಂದರು ಓನರ್. ಅವರು ಕೂಲಿಯನ್ನೂ ಕೊಟ್ಟು ಬಂದಿದ್ದರು.

ಕ್ಯಾಟ್ ತಾನಾಗಿ ಸಾಯೋದು ಅಪರೂಪ. ಮಿಸ್ಸಿಂಗ್ ಆಗಿ ಉರಿಯದ ಪೆಟ್ರೋಲು ಒಳಗೆ ಬಿದ್ದರೆ ಕಾವು ಸಾವಿರ ಡಿಗ್ರಿ ದಾಟಿ ಇಟ್ಟಿಗೆ ಕರಗಿ ದಾರಿ ಮುಚ್ಚುತ್ತದೆ. ಬ್ಯಾಟರಿ ಇಳಿದ ಗಾಡಿಯನ್ನು ತಳ್ಳಿ ತಳ್ಳಿ ಸ್ಟಾರ್ಟ್ ಮಾಡಿದರೂ ಹಸಿ ಪೆಟ್ರೋಲು ಅಲ್ಲಿಗೇ ಹೋಗುತ್ತೆ, ಒಂದು ಬಾರಿ ಜಂಪ್ ಕೇಬಲ್ ಹಾಕೋದು ಮೇಲು. ಇಂಜಿನ್ ಆಯಿಲ್ ತಿನ್ನುತ್ತಿದ್ದರೆ ಆಯಿಲ್‌ನಲ್ಲಿರೋ ರಂಜಕ ಬೂದಿಯಾಗಿ ಲೋಹದ ಮೇಲೆ ಕೂರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಸೇರಿದರೂ ಅದೇ ಕಥೆ. ಅಳತೆ ಇಲ್ಲದ ರೋಡ್ ಹಂಪ್‌ಗಳಿಗೆ ಕೆಳಗೆ ಬಡಿದು ಪಿಂಗಾಣಿ ಬಿರುಕು ಬಿಡೋದೂ ಇದೆ. ಆಗ ತಟ್ಟಿದರೆ ಒಳಗೆ ಗಲಗಲ ಅನ್ನುತ್ತದೆ. ಕಾರಣ ಹಾಗೇ ಬಿಟ್ಟು ಹೊಸ ಕ್ಯಾಟ್ ಹಾಕಿಸಿದರೆ ಕೆಲವೇ ತಿಂಗಳಲ್ಲಿ ಅದೂ ಹೋಗುತ್ತದೆ.

ಕಟ್ಟಿಹೋಗಿರೋದು ಗೊತ್ತಾಗೋದು ಹೀಗೆ: ನಿಂತಲ್ಲಿ ಇಂಜಿನ್ ಚೆನ್ನಾಗಿರುತ್ತೆ, ಹೈವೇಯಲ್ಲಿ ಒಂದು ವೇಗದ ಮೇಲೆ ಎಷ್ಟು ತುಳಿದರೂ ಏರಲ್ಲ, ಕಾಲ ಕೆಳಗಿನ ನೆಲ ಬಿಸಿಯಾಗುತ್ತೆ.

ರೋಡ್ ಮೇಲೆ ಹಾಕಿದ ಹುರುಳಿ, ತೊಗರಿ ಮೇಲೆ ಕಾರು ಹಾಯಿಸಬಹುದಾ?

ಈ ಪ್ರಶ್ನೆ ಬೇರೆ ಊರಿನವರು ಕೇಳಲ್ಲ. ಸುಗ್ಗಿಯಲ್ಲಿ ಹಳ್ಳಿ ರಸ್ತೆಯೇ ಕಣ, ಓಡಾಡೋ ಗಾಡಿಗಳೇ ರೋಣಗಲ್ಲು. ಲಾರಿ, ಟ್ರ್ಯಾಕ್ಟರ್ ಎತ್ತರ ಇರೋದರಿಂದ ದಾಟುತ್ತವೆ. ಕಾರಿನ ಕೆಳಗೆ ಕ್ಯಾಟ್ ನೆಲದಿಂದ ಒಂದು ಗೇಣಿನಷ್ಟೇ ಮೇಲಿದ್ದು, ಮುಟ್ಟಿದರೆ ಚರ್ಮ ಸುಡೋ ಕಾವಿನಲ್ಲಿರುತ್ತದೆ. ಮಿಸ್ಸಿಂಗ್ ಇದ್ದ ಗಾಡಿಯಾದರೆ ಇನ್ನೂ ಬಿಸಿ. ಒಣಗಿದ ಬಳ್ಳಿ ತಿರುಗೋ ಡ್ರೈವ್ ಶಾಫ್ಟ್‌ಗೆ ಹಗ್ಗದಂತೆ ಸುತ್ತಿಕೊಂಡು ಸೈಲೆನ್ಸರ್‌ಗೆ ತಾಗಿತೆಂದರೆ ಹೊತ್ತಿಕೊಳ್ಳೋಕೆ ಹೆಚ್ಚು ಹೊತ್ತು ಬೇಡ.

ಸಾಧ್ಯವಾದರೆ ಇಳಿದು ರಾಶಿ ಸರಿಸಲು ಹೇಳಿ. ಹಾಯಲೇಬೇಕಾಯ್ತು ಅಂದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿದ ಕಡ್ಡಿ ಎಳೆದು ಹಾಕಿ. ಜಾತ್ರೆಗೆ ಹೋದಾಗ ಕಟಾವಾದ ಜೋಳದ ಹೊಲದಲ್ಲಿ ಕೂಳೆ ಮೇಲೆ ಕಾರು ನಿಲ್ಲಿಸೋರಿಗೂ ಇದೇ ಮಾತು. ಕ್ಯಾಟ್ ಸುತ್ತ ಇರೋ ತಗಡಿನ ಹೀಟ್ ಶೀಲ್ಡ್ ಗಡಗಡ ಸದ್ದು ಮಾಡುತ್ತೆ ಅಂತ ಕಿತ್ತು ಹಾಕೋರು ತುಂಬಾ ಜನ. ಒಂದು ದೊಡ್ಡ ಹೋಸ್ ಕ್ಲ್ಯಾಂಪ್ ಸುತ್ತಿ ಬಿಗಿದರೆ ಸದ್ದು ನಿಲ್ಲುತ್ತೆ, ಕೀಳಬೇಡಿ.

ಬೇಸಿಗೆಯಲ್ಲಿ ಗಾಡಿ ನಿಲ್ಲಿಸಿದ್ರೆ ಪೆಟ್ರೋಲ್ ವಾಸನೆ ಹೊಡೆಯುತ್ತೆ, ಎಲ್ಲೂ ಸೋರ್ತಿಲ್ಲ

ಆವಿ ಸೋರುತ್ತಿದೆ. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಟ್ಯಾಂಕಿನಲ್ಲಿ ಆವಿ ಒತ್ತಡ ಏರುತ್ತದೆ. ಅದನ್ನು ಕ್ಯಾನಿಸ್ಟರ್‌ನ ಇದ್ದಿಲು ಹೀರಿಕೊಂಡು, ಇಂಜಿನ್ ಓಡುವಾಗ ಪರ್ಜ್ ವಾಲ್ವ್ ಮೂಲಕ ಉರಿಯೋಕೆ ಕಳಿಸಬೇಕು. ಮೊದಲು ಟ್ಯಾಂಕ್ ಮುಚ್ಚಳದ ರಬ್ಬರ್ ನೋಡಿ, ಬಿರುಕು ಬಿಟ್ಟಿದ್ದರೆ ಮುಚ್ಚಳ ಬದಲಿಸಿ. ಆಮೇಲೆ ಆವಿ ಪೈಪ್‌ಗಳು. ನಮ್ಮ ಬಿಸಿಲಿಗೆ ಹತ್ತು ವರ್ಷದ ರಬ್ಬರ್ ಪೈಪು ಬಗ್ಗಿಸಿದರೆ ಚಟ್ ಅಂತ ಮುರಿಯುತ್ತೆ. ಹಳ್ಳಿ ಮನೆ ಮುಂದೆ ನಿಲ್ಲೋ ಗಾಡಿಯಲ್ಲಿ ಇಲಿ ಕಡಿದಿರೋದೂ ಮಾಮೂಲು.

ಇನ್ನು ಕ್ಯಾನಿಸ್ಟರ್ ಕೆಡಿಸೋ ಅಭ್ಯಾಸ ಒಂದಿದೆ. ಬಂಕ್‌ನಲ್ಲಿ ನಾಜಲ್ ಟಕ್ ಅಂತ ನಿಂತ ಮೇಲೂ ಗಾಡಿ ಅಲ್ಲಾಡಿಸಿ, ಇನ್ನೊಂದು ನೂರು ರೂಪಾಯಿಗೆ ಹಾಕಪ್ಪಾ ಅನ್ನೋದು. ಆವಿಗೆ ಬಿಟ್ಟ ಜಾಗದಲ್ಲಿ ಪೆಟ್ರೋಲು ತುಂಬಿ ನೇರ ಇದ್ದಿಲಿಗೆ ಹರಿಯುತ್ತದೆ. ನೆನೆದ ಇದ್ದಿಲು ಮತ್ತೆ ಹೀರಲ್ಲ. ಫುಲ್ ಟ್ಯಾಂಕ್ ಮಾಡಿದ ದಿನ ಸ್ಟಾರ್ಟಿಂಗ್ ತೊಂದರೆ ಕೊಡೋ ಗಾಡಿಯಲ್ಲಿ ನಾನು ಮೊದಲು ನೋಡೋದು ಇದನ್ನೇ.

ಸಂಡೂರು, ತೋರಣಗಲ್ಲು ಕಡೆ ಓಡಾಡೋ ಗಾಡಿಗೆ ಬೇರೆ ಲೆಕ್ಕ ಇದೆಯಾ?

ಇದೆ. ಅದಿರು ಲಾರಿ ಹಿಂದೆ ಓಡೋ ಕಾರಿನ ಏರ್ ಫಿಲ್ಟರ್ ಬಿಚ್ಚಿದರೆ ಕೆಂಪು ಪುಡಿ ಉದುರುತ್ತೆ. ಮ್ಯಾನ್ಯುಯಲ್‌ನ ಕಿಲೋಮೀಟರ್ ಲೆಕ್ಕ ಅಲ್ಲಿಗೆ ಅನ್ವಯಿಸಲ್ಲ, ಅದರ ಅರ್ಧಕ್ಕೇ ಬದಲಿಸಿ. ನಡುವೆ ಗಾಳಿ ಹೊಡೆಸೋದಾದರೆ ಒಳಮಗ್ಗುಲಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ. ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡದ ಗಾಳಿ ಹೊರಗಿನಿಂದ ಬಿಟ್ಟರೆ ಕಾಗದ ಹರಿದು ಧೂಳು ನೇರ ಇಂಜಿನ್ನಿಗೆ. ಅಲ್ಲಿಂದ ರಿಂಗ್ ಸವೆತ, ಆಯಿಲ್ ತಿನ್ನೋದು, ನೀಲಿ ಹೊಗೆ, ಕೊನೆಗೆ ಕ್ಯಾಟ್.

ಪಿಸಿವಿ ವಾಲ್ವನ್ನು ಯಾರೂ ನೆನೆಸಲ್ಲ. ಅಗ್ಗದ ಸಾಮಾನು. ಬಿಚ್ಚಿ ಅಲ್ಲಾಡಿಸಿದರೆ ಬಹುತೇಕ ವಾಲ್ವ್‌ಗಳಲ್ಲಿ ಟಕಟಕ ಸದ್ದು ಬರಬೇಕು, ಬಾರದಿದ್ದರೆ ಅಂಟಿದೆ. ಅದು ಕಟ್ಟಿದರೆ ಒಳಗಿನ ಒತ್ತಡ ಆಯಿಲ್ ಸೀಲ್‌ಗಳನ್ನು ತಳ್ಳಿ ಸೋರಿಸುತ್ತದೆ. ಜನ ಇಂಜಿನ್ ಕೆಲಸ ಬಂತು ಅಂತ ಗಾಬರಿ ಬೀಳುತ್ತಾರೆ.

ಹೊಗೆ ಬಣ್ಣ ನೋಡಿ ಏನು ತಿಳಿಯುತ್ತೆ?

ಕಪ್ಪು: ಇಂಧನ ಜಾಸ್ತಿ ಅಥವಾ ಗಾಳಿ ಕಡಿಮೆ. ನೀಲಿ: ಆಯಿಲ್ ಉರಿಯುತ್ತಿದೆ. ದಟ್ಟ ಬಿಳಿ, ಬಿಸಿಯಾದ ಮೇಲೂ ನಿಲ್ಲದ್ದು, ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಡಿಸೆಂಬರ್ ಬೆಳಿಗ್ಗೆಯ ತೆಳು ಬಿಳಿ ಹೊಗೆ, ಸೈಲೆನ್ಸರ್ ತುದಿಯ ನೀರ ಹನಿ ಎರಡೂ ಸಹಜ.

ಡೀಸೆಲ್ ಗಾಡಿ: ಸುಮೊ, ಕ್ವಾಲಿಸ್, ಬೊಲೆರೊ, ಇಂಡಿಕಾ

ಡೀಸೆಲ್‌ಗೆ ಸಿಒ ನೋಡಲ್ಲ, ಹೊಗೆಯ ದಟ್ಟಣೆ ಅಳೆಯುತ್ತಾರೆ. ಬಿಎಸ್-4ಕ್ಕಿಂತ ಹಿಂದಿನದಕ್ಕೆ ಮಿತಿ 65 ಎಚ್‌ಎಸ್‌ಯು, ಬಿಎಸ್-4ಕ್ಕೆ 50. ಟೆಸ್ಟ್‌ನಲ್ಲಿ ನ್ಯೂಟ್ರಲ್‌ನಲ್ಲಿಟ್ಟು ಪೂರ್ತಿ ರೇಸ್ ಕೊಡುತ್ತಾರೆ. ಹಾಗಾಗಿ ಇಂಡಿಕಾದಂಥ ಟೈಮಿಂಗ್ ಬೆಲ್ಟ್ ಗಾಡಿ ಇದ್ದು, ಬೆಲ್ಟ್ ಯಾವಾಗ ಬದಲಾಯಿತೋ ಗೊತ್ತಿಲ್ಲ ಅಂದರೆ ಆ ರೇಸ್‌ಗೆ ಬೆಲ್ಟ್ ಹರಿದುಹೋಗಬಹುದು; ಮೊದಲು ಬೆಲ್ಟ್, ಆಮೇಲೆ ಟೆಸ್ಟ್. ಆಯಿಲ್ ಲೆವೆಲ್ ಕೂಡ ನೋಡಿಕೊಂಡು ಹೋಗಿ.

ಕಪ್ಪು ಹೊಗೆಗೆ ಏರ್ ಫಿಲ್ಟರ್, ಇಂಜೆಕ್ಟರ್ ನಾಜಲ್, ಪಂಪ್ ಟೈಮಿಂಗ್, ಟರ್ಬೊ ಇದ್ದರೆ ಅದರ ಹೋಸ್ ಪೈಪು, ಈ ಕ್ರಮದಲ್ಲಿ ನೋಡಿ. ಪಿಕಪ್‌ಗಾಗಿ ಪಂಪ್ ಸೀಲ್ ಒಡೆದು ಡೀಸೆಲ್ ಹೆಚ್ಚಿಸಿದ ಗಾಡಿಯಲ್ಲಿ ಬೇರೇನು ಮಾಡಿದರೂ ಹೊಗೆ ಇಳಿಯಲ್ಲ. ಇಜಿಆರ್‌ಗೆ ತಗಡು ಇಟ್ಟು ಮುಚ್ಚೋ ಚಾಳಿ ಬಗ್ಗೆಯೂ ಕೇಳುತ್ತಾರೆ. ಇಜಿಆರ್ ಮಸಿ ಕಟ್ಟಿ ತೆರೆದಂತೇ ನಿಂತಾಗ ಕಪ್ಪು ಹೊಗೆ ಬರುತ್ತೆ, ತಗಡು ಇಟ್ಟರೆ ನಿಲ್ಲುತ್ತೆ, ಜನ ನಂಬುತ್ತಾರೆ. ಬಿಚ್ಚಿ ಕಾರ್ಬನ್ ಕ್ಲೀನರ್‌ನಲ್ಲಿ ತೊಳೆದರೂ ನಿಲ್ಲುತ್ತೆ, ನೈಟ್ರೋಜನ್ ಆಕ್ಸೈಡೂ ಏರಲ್ಲ, ಚೆಕ್ ಲೈಟೂ ಹತ್ತಲ್ಲ.

ಇ20 ಪೆಟ್ರೋಲು ನಮ್ಮ ಹಳೇ ಗಾಡಿಗೆ ಆಗುತ್ತಾ?

ಈಗ ಬಂಕ್‌ನಲ್ಲಿ ಸಿಗೋದೇ ಅದು, ಅಂದರೆ 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲು; ಆಯ್ಕೆ ಕಡಿಮೆ. ಎಥೆನಾಲ್‌ನಲ್ಲಿ ಲೀಟರ್‌ಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ, ಮೈಲೇಜ್ ಸ್ವಲ್ಪ ಇಳಿಯೋದು ನಿಮ್ಮ ಭ್ರಮೆಯಲ್ಲ. ಆಕ್ಸಿಜನ್ ಸೆನ್ಸರ್ ಇರೋ ಎಂಪಿಎಫ್‌ಐ ಗಾಡಿ ಬಹುಮಟ್ಟಿಗೆ ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಗಾಡಿಗೆ ಆ ಬುದ್ಧಿ ಇಲ್ಲ: ಮಿಶ್ರಣ ತೆಳುವಾಗಿ ಬೆಳಗಿನ ಸ್ಟಾರ್ಟಿಂಗ್ ಕಷ್ಟ, ಎಳೆಯುವಾಗ ಝಟಕಾ. ಮಿಕ್ಸ್ಚರ್ ಸ್ವಲ್ಪ ಹೊಂದಿಸಬೇಕಾಗಬಹುದು.

ರಬ್ಬರ್ ಮೇಲೆ ಕಣ್ಣಿಡಿ. ಹಳೇ ಪೆಟ್ರೋಲ್ ಪೈಪ್, ಫ್ಲೋಟ್ ಚೇಂಬರ್ ಗ್ಯಾಸ್ಕೆಟ್, ಪಂಪ್ ಡಯಾಫ್ರಂ ಮೆತ್ತಗಾಗಿ ಊದುತ್ತವೆ. ಎಥೆನಾಲ್ ನೀರು ಹೀರುತ್ತೆ, ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಬರುತ್ತೆ. ಟ್ಯಾಂಕಿನ ಹಳೇ ಕೊಳೆ ಕರಗಿ ಬರೋದರಿಂದ ಫ್ಯುಯಲ್ ಫಿಲ್ಟರ್ ಒಮ್ಮೆ ಬೇಗ ಬದಲಿಸಿ.

ಗ್ಯಾಸ್ ಕಿಟ್ ಹಾಕಿದ ಓಮ್ನಿ?

ಕಿಟ್ ಆರ್‌ಸಿಯಲ್ಲಿ ನಮೂದಾಗಿರಬೇಕು. ಸಿಎನ್‌ಜಿ ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಆಗಬೇಕು. ಅಡುಗೆ ಸಿಲಿಂಡರ್ ಇಟ್ಟು ಓಡಿಸೋರಿಗೆ ನನ್ನ ಹತ್ತಿರ ಸಲಹೆ ಇಲ್ಲ, ಅಂಥ ಗಾಡಿ ಒಳಗೆ ತರಬೇಡಿ.

ಹದಿನೈದು ವರ್ಷ ಆದ್ರೆ ಗಾಡಿ ಗುಜರಿಗೆ ಹಾಕಲೇಬೇಕಂತೆ?

ಡೀಸೆಲ್‌ಗೆ ಹತ್ತು, ಪೆಟ್ರೋಲಿಗೆ ಹದಿನೈದು ಅನ್ನೋ ಮಾತು ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಖಾಸಗಿ ಕಾರಿಗೆ ಹದಿನೈದು ವರ್ಷಕ್ಕೆ ಆರ್‌ಟಿಒದಲ್ಲಿ ತೋರಿಸಿ ಆರ್‌ಸಿ ರಿನ್ಯೂವಲ್ ಮಾಡಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಹದಿನೈದು ದಾಟಿದ ಸರ್ಕಾರಿ ಗಾಡಿಗಳಿಗೆ 2023ರ ಏಪ್ರಿಲ್‌ನಿಂದ ರಿನ್ಯೂವಲ್ ಇಲ್ಲ, ಆ ಸುದ್ದಿಯೂ ಇದರ ಜೊತೆ ಬೆರೆತು ಗಾಬರಿ ಹುಟ್ಟಿಸಿದೆ.

ಎಮಿಷನ್ ಸರ್ಟಿಫಿಕೇಟ್ ಹೊಸ ಗಾಡಿಗೆ ಒಂದು ವರ್ಷದ ನಂತರ ಬೇಕು. ಬಿಎಸ್-3ರವರೆಗೆ ಆರು ತಿಂಗಳಿಗೊಮ್ಮೆ, ಬಿಎಸ್-4ಕ್ಕೆ ವರ್ಷಕ್ಕೊಮ್ಮೆ. ಇಲ್ಲದೆ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು, ಮೂರು ತಿಂಗಳು ಲೈಸೆನ್ಸ್ ಅನರ್ಹವೂ ಆಗಬಹುದು.

ಸೈಲೆನ್ಸರ್ ತೂತಾಗಿದೆ, ಶಬ್ದ ಒಂದೇ ತೊಂದರೆ ತಾನೆ?

ಅಲ್ಲ. ಸಿಒಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೀಟಿನ ಕೆಳಗೆ ಪೈಪ್ ತೂತಾಗಿ, ನೆಲದ ತಗಡಿನಲ್ಲಿ ತುಕ್ಕಿನ ಕಿಂಡಿ ಇದ್ದರೆ ಅದು ಒಳಗೆ ಬರುತ್ತದೆ. ದೂರದ ಪ್ರಯಾಣದಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಬಿಸಿಲು ಅಂದುಕೊಳ್ಳಬೇಡಿ. ಗಾಡಿ ನಿಲ್ಲಿಸಿ, ಕೆಳಗಿಳಿದು ಗಾಳಿಗೆ ಕೂರಿ. ಬೇಸಿಗೆಯಲ್ಲಿ ಎಸಿ ಹಾಕಿ ನಿಂತ ಕಾರಿನಲ್ಲಿ ಮಲಗೋದು, ಶೆಡ್ ಬಾಗಿಲು ಮುಚ್ಚಿ ಇಂಜಿನ್ ಬಿಸಿ ಮಾಡೋದು ಎರಡೂ ಬೇಡ. ನನ್ನ ಗ್ಯಾರೇಜಿಗೆ ಬರೋ ಕೆಲಸಗಳಲ್ಲಿ ನಾಳೆ ಬನ್ನಿ ಅಂತ ಹೇಳದೆ ಇರೋದು ಇದೊಂದಕ್ಕೆ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವಾಗ ಇದನ್ನೆಲ್ಲ ನೋಡೋದು ಹೇಗೆ?

ಮಾರೋರು ಇಂಜಿನ್ ಬಿಸಿ ಮಾಡಿ ಇಟ್ಟಿರದಂತೆ, ಹೇಳದೆ ಬೆಳಿಗ್ಗೆ ಹೋಗಿ. ಇಗ್ನಿಷನ್ ಆನ್ ಮಾಡಿದಾಗ ಚೆಕ್ ಇಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಬಲ್ಬ್ ಕಿತ್ತಿರೋ ಸಾಧ್ಯತೆ ಇದೆ. ಇಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದು ನೋಡಿ, ಬುಸುಬುಸು ಹೊಗೆ ಉಗುಳಿದರೆ ರಿಂಗ್ ಸವೆದಿದೆ. ಸೈಲೆನ್ಸರ್ ಒಳಗೆ ಬೆರಳಾಡಿಸಿ: ಒಣ ಬೂದು ಪುಡಿ ಸರಿ, ಕಪ್ಪು ಜಿಡ್ಡು ಬಂದರೆ ಬೆಲೆ ಇಳಿಸಿ ಮಾತಾಡಿ. ಕೆಳಗೆ ಬಗ್ಗಿ ಕ್ಯಾಟ್ ಡಬ್ಬಿಯ ವೆಲ್ಡಿಂಗ್ ನೋಡಿ, ಕಂಪನಿ ಬೆಸುಗೆ ನೇರವಾಗಿರುತ್ತೆ. ಆಮೇಲೆ ಟೆಸ್ಟ್ ಡ್ರೈವ್ ನೆಪದಲ್ಲಿ ಹತ್ತಿರದ ಎಮಿಷನ್ ಸೆಂಟರ್‌ಗೆ ಒಯ್ದು ಚೀಟಿ ತೆಗೆಸಿ. ಮಾರೋರು ಅದಕ್ಕೆ ಒಪ್ಪದಿದ್ದರೆ ಇನ್ನೊಂದು ಗಾಡಿ ನೋಡಿ.